ಹಾಲುಮಡ್ಡಿ, ಮಟ್ಟಿಪ್ಪಾಲ್, ಗುಗ್ಗುಳ: ಮರ ಒಸರಿದ್ದರ ಚರಿತ್ರೆ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಾ ಇದೀನಿ. ಕಿಟಕಿ ತೆರೆದಿಟ್ಟು ರೆಕಾರ್ಡ್ ಮಾಡಿದ್ದು ನನ್ನದೇ ತಪ್ಪು. ಮೈಲಾಪುರದ ಆಟೋ ಹಾರ್ನ್ ಮಧ್ಯೆ ಶಾಸನದ ಭಾಗ ಸರಿಯಾಗಿ ಕೇಳಿಸಲೇ ಇಲ್ಲ ಅಂತ ಹಲವರು ಹೇಳಿದ್ರು.

ಶುರುವಾಗಿದ್ದು ನನ್ನ ತಮ್ಮನ ಮದುವೆಯಿಂದ. ನಮ್ಮದು ರಾಣೆಬೆನ್ನೂರು ಕಡೆಯ ಹಳ್ಳಿ, ಮನೆದೇವರು ವೀರಭದ್ರ. ನಮ್ಮಲ್ಲಿ ಮದುವೆಗೆ ಮುಂಚೆ ಗುಗ್ಗಳ ಆಗಲೇಬೇಕು. ಉತ್ತರ ಕರ್ನಾಟಕದವರಿಗೆ ವಿವರಿಸೋದು ಬೇಡ. ಉಳಿದವರಿಗೆ ಹೇಳೋದಾದರೆ, ಗಡಿಗೆಯಲ್ಲಿ ಬೆಂಕಿ ಮಾಡಿ, ಅದಕ್ಕೆ ಗುಗ್ಗುಳ ಹಾಕಿ ಹೊಗೆ ಎಬ್ಬಿಸಿ, ಸಮಾಳದ ಸದ್ದಿನ ಜೊತೆ ಊರಲ್ಲಿ ಮೆರವಣಿಗೆ ಹೋಗ್ತಾರೆ. ಪುರವಂತರು ಒಡಪು ಹೇಳ್ತಾ ಕುಣೀತಾರೆ. ಹರಕೆ ಹೊತ್ತವರು ಗಲ್ಲಕ್ಕೆ ಶಸ್ತ್ರ ಹಾಕಿಸ್ಕೋತಾರೆ. ಸಣ್ಣವನಿದ್ದಾಗ ನಾನು ಅಪ್ಪನ ಹೆಗಲ ಮೇಲೆ ಕೂತು ಆ ಹೊಗೆಯೊಳಗಿಂದಲೇ ಅದನ್ನೆಲ್ಲ ನೋಡಿದ್ದು. ಆ ವಾಸನೆ ಬಂದ್ರೆ ಈಗಲೂ ಮೈ ಜುಮ್ ಅನ್ನುತ್ತೆ.

ಅವ್ವ ಫೋನ್ ಮಾಡಿ ಹೇಳಿದ್ಳು. "ಇಲ್ಲಿ ಅಂಗಡ್ಯಾಗ ಸಿಗೂದು ಬರೇ ಕಲ್ಲಿದ್ದಂಗ ಐತಿ, ವಾಸನಿನೇ ಇಲ್ಲ. ನಿಮ್ಮ ಮದ್ರಾಸಿನ್ಯಾಗ ದೊಡ್ಡ ಗುಡಿ ಐತಿ ಅಂತೀಯಲ್ಲ, ಅಲ್ಲೇ ಕೇಳು. ಎರಡು ಕಿಲೋ ಖರೇ ಗುಗ್ಗಳ ತಗೊಂಡ್ ಬಾ."

ನಾನಿರೋದು ಕಪಾಲೀಶ್ವರನ ಗುಡಿಯಿಂದ ಮೂರು ಬೀದಿ ಆಚೆ. ತಿರುಮಯಿಲೈ ಸ್ಟೇಷನ್ನಿಂದ ತರಮಣಿಗೆ ಟ್ರೇನು, ಅಲ್ಲಿಂದ ಆಫೀಸು. ಒಂದು ಸಂಜೆ ವಾಪಸ್ ಬರುವಾಗ ಕಚೇರಿ ರಸ್ತೆಯಲ್ಲಿ ಒಂದು ನಾಟ್ಟು ಮರುಂದು ಅಂಗಡಿಗೆ ಹೋಗಿ ನನ್ನ ತಮಿಳಲ್ಲಿ ಕೇಳಿದೆ. ಅಂಗಡಿಯವರು ಒಳಗಿಂದ ಹಳದಿ ಗಾಜಿನ ಚೂರಿನ ಥರದ ಹೆಂಟೆಗಳನ್ನ ತಂದು ತೂಗಿಕೊಟ್ರು. "ಕುಂಗಿಲಿಯಂ, ತಂಬಿ. ಎಲ್ಲಾ ಕೋಯಿಲ್‌ಲೆಯುಂ ಇದುದಾನ್." ಎರಡು ಕಿಲೋ ತಗೊಂಡು ಮನೆಗೆ ಬಂದೆ.

ಎಂ.ಟೆಕ್ ಮಾಡಿದವನಿಗೆ ಇರೋ ಕಾಯಿಲೆ ಅಂದ್ರೆ ಟೆಸ್ಟ್ ಮಾಡದೆ ರಿಲೀಸ್ ಮಾಡೋಕಾಗಲ್ಲ. ಒಂದು ಲೋಟ ನೀರಿಗೆ ಒಂದು ಚೂರು ಪುಡಿ ಮಾಡಿ ಹಾಕಿದೆ. ರಾತ್ರಿಯೆಲ್ಲ ಇಟ್ಟರೂ ಅದು ಹಾಗೇ ತಳದಲ್ಲಿ ಕೂತಿತ್ತು, ನೀರು ನೀರಾಗೇ ಇತ್ತು. ಗುಗ್ಗುಳ ಹಾಗೆ ಕೂರಲ್ಲ. ನೀರು ಸೇರಿದರೆ ಕಂದುಬಿಳಿ ಹಾಲಿನ ಥರ ಆಗುತ್ತೆ. ನಾನು ತಂದಿದ್ದು ಬೇರೆ ಯಾವುದೋ ಮರದ್ದು.

ಈ ಹೆಸರುಗಳ ಗೋಜಲಿಂದಲೇ ನಾನು ಈ ವಿಷಯಕ್ಕೆ ಇಳಿದಿದ್ದು.

ಮರ ಒಸರೋ ದ್ರವಗಳಿಗೆ ಕನ್ನಡದಲ್ಲಿ ಎಷ್ಟು ಹೆಸರಿದೆ ನೋಡಿ. ಮಾವಿನಕಾಯಿ ತೊಟ್ಟು ಮುರಿದಾಗ ಬರೋದು ಸೊನೆ. ಹಲಸಿನದ್ದು ಮೇಣ. ಆಲದ್ದು, ಎಕ್ಕದ್ದು ಹಾಲು. ಜಾಲಿಯದ್ದು ಅಂಟು. ಧೂಪದ ಮರದ್ದು ರಾಳ. ನಮ್ಮ ಅಜ್ಜಿಯರು ಲ್ಯಾಬ್ ಇಲ್ಲದೇ ವಿಂಗಡಿಸಿದ್ದು ಇದು, ಮತ್ತು ಬಹುತೇಕ ಸರಿಯಾಗೇ ವಿಂಗಡಿಸಿದಾರೆ. ಅಂಟು ಅಂದ್ರೆ ಸಕ್ಕರೆಯ ಜಾತಿಯ ಪದಾರ್ಥ, ನೀರಲ್ಲಿ ನೆನೆಯುತ್ತೆ. ರಾಳ ನೀರಲ್ಲಿ ಕರಗಲ್ಲ, ಎಣ್ಣೆ ಅಥವಾ ಸ್ಪಿರಿಟ್‌ನಲ್ಲಿ ಕರಗುತ್ತೆ, ಬೆಂಕಿಗೆ ಹಾಕಿದ್ರೆ ಘಮಘಮ ಅನ್ನುತ್ತೆ. ಗುಗ್ಗುಳದಲ್ಲಿ ಅಂಟು, ರಾಳ, ಎಣ್ಣೆ ಮೂರೂ ಇವೆ. ಅದಕ್ಕೇ ನೀರಲ್ಲಿ ಹಾಲಾಗೋದು.

ಈ ಪಟ್ಟಿಯಲ್ಲಿ ನನಗೆ ಇಷ್ಟವಾದ ಪದ ಹಾಲುಮಡ್ಡಿ. ನೀವು ಅಗರಬತ್ತಿ ಪ್ಯಾಕೆಟ್ ಮೇಲೆ ನೋಡಿರಬಹುದು. ಲಂಡನ್‌ನಲ್ಲೋ ಸಿಯಾಟಲ್‌ನಲ್ಲೋ ಇರೋರಿಗೆ ಅಲ್ಲಿನ ಅಗರಬತ್ತಿ ಹುಚ್ಚರು 'ಹಲ್ಮಡ್ಡಿ' ಅಂತ ಉಚ್ಚರಿಸೋದು ಕೇಳಿ ನಗು ಬಂದಿರಬಹುದು. ಬೇರೆ ಭಾಷೆಗಳಲ್ಲಿ ಅನುವಾದ ಆಗದೇ ಹಾಗೇ ಓಡಾಡ್ತಿರೋ ಕೆಲವೇ ಕನ್ನಡ ಪದಗಳಲ್ಲಿ ಇದೂ ಒಂದು. ಪಶ್ಚಿಮ ಘಟ್ಟದಲ್ಲಿ ಎತ್ತರಕ್ಕೆ ನೆಟ್ಟಗೆ ಬೆಳೆಯೋ ಒಂದು ಮರ, ಸಸ್ಯಶಾಸ್ತ್ರದ ಹೆಸರು ಐಲಾಂಥಸ್ ಟ್ರೈಫೈಸಾ. ತೊಗಟೆ ಕೆತ್ತಿದಾಗ ಮಾಸಲು ಬಿಳಿ ಬಣ್ಣದಲ್ಲಿ ಒಸರುತ್ತೆ, ಗಾಳಿ ತಾಗಿ ಕಪ್ಪಾಗಿ ಮಡ್ಡಿ ಕಟ್ಟುತ್ತೆ. ಅದೇ ಹಾಲುಮಡ್ಡಿ.

ಇಲ್ಲಿನ ಅಂಗಡಿಯಲ್ಲಿ ಇದನ್ನೇ ಕೇಳಿದ್ರೆ ಏನಂತಾರೆ ಗೊತ್ತಾ? ಮಟ್ಟಿಪ್ಪಾಲ್. ಕೇಳಿದ ತಕ್ಷಣ ನನಗೆ ಬೇರೆ ಪದ ಅನಿಸಿತ್ತು. ಆಮೇಲೆ ರೈಲಿನಲ್ಲಿ ಕೂತು ಯೋಚನೆ ಮಾಡಿದಾಗ ಹೊಳೀತು. ಮಟ್ಟಿ ಅಂದ್ರೆ ಮಡ್ಡಿ, ಪಾಲ್ ಅಂದ್ರೆ ಹಾಲು. ಹಳಗನ್ನಡದಲ್ಲಿ ನಾವೂ ಪಾಲ್ ಅಂತಲೇ ಅಂತಿದ್ವಿ. ಸುಮಾರು 10ನೇ ಶತಮಾನದ ಆಮೇಲೆ ನಮ್ಮ ಪಕಾರ ನಿಧಾನಕ್ಕೆ ಹಕಾರ ಆಯ್ತು, ಪಾಲು ಹಾಲಾಯ್ತು, ತಮಿಳಿನವರದ್ದು ಹಾಗೇ ಉಳೀತು. ಅವೇ ಎರಡು ಪದ, ಕ್ರಮ ಮಾತ್ರ ಹಿಂದು ಮುಂದು. ಮಲಯಾಳದವರೂ ಮಟ್ಟಿಪ್ಪಾಲ್ ಅಂತಾರೆ. ಒಂದೇ ಘಟ್ಟದ ಆಚೆ ಈಚೆ ನಿಂತು ಒಂದೇ ಮರದ ಗಾಯ ನೋಡಿ ಮೂರೂ ಜನಕ್ಕೆ ಹಾಲಿನ ನೆನಪಾಗಿದೆ.

ಗಾಯ ಅಂದೆ. ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಹಸು ಹಾಲು ಕೊಡೋದು ಕರುವಿಗೆ. ಮರ ರಾಳ ಸುರಿಸೋದು ಯಾರಿಗೂ ಉಣಿಸೋಕಲ್ಲ. ತೊಗಟೆಗೆ ಕೊಡಲಿ ಬಿದ್ದಾಗ, ಹುಳ ಕೊರೆದಾಗ, ಕೊಂಬೆ ಸೀಳಿದಾಗ ಒಳಗಿನ ನಾಳಗಳಿಂದ ರಾಳ ಹೊರಗೆ ಬರುತ್ತೆ. ಅದರಲ್ಲಿರೋ ಎಣ್ಣೆಯ ಅಂಶ ಆವಿಯಾಗುತ್ತೆ, ನಮ್ಮ ಮೂಗಿಗೆ ಬರೋ ಪರಿಮಳ ಅದೇ. ಹುಳಕ್ಕೆ, ಬೂಷ್ಟಿಗೆ ಅದು ವಿಷ. ಉಳಿದಿದ್ದು ಗಟ್ಟಿಯಾಗಿ ಗಾಯ ಮುಚ್ಚುತ್ತೆ. ಮರದ ಲೆಕ್ಕದಲ್ಲಿ ಇದು ಪ್ರೊಡಕ್ಷನ್ ಇನ್ಸಿಡೆಂಟು, ರಾತ್ರಿ ಎರಡು ಗಂಟೆಯ ಅಲರ್ಟು. ನಾವು ಆ ಅಲರ್ಟನ್ನೇ ಕೆರೆದು ತಂದು ಕೆಂಡದ ಮೇಲೆ ಹಾಕಿ ಕಣ್ಣು ಮುಚ್ಚಿ ಕೈ ಮುಗೀತೀವಿ. ವ್ಯಂಗ್ಯಕ್ಕೆ ಹೇಳ್ತಿಲ್ಲ, ನಾನೂ ಮುಗೀತೀನಿ.

(ಮೈಲಾಪುರ, ಒಸರೋದು ಅಂದ ಕೂಡಲೇ ಕೆಲವರು ಪರಂಗಿಮಲೈ ಶಿಲುಬೆ ಬಗ್ಗೆ ಕೇಳಿದೀರಿ. 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಲದಲ್ಲಿ ಆ ಕಲ್ಲಿನ ಶಿಲುಬೆ ಬೆವರಿತು, ರಕ್ತ ಸುರಿಸಿತು ಅನ್ನೋ ನಂಬಿಕೆ ಇದೆ. ಅದು ಕಲ್ಲು. ಇವತ್ತು ಜೀವ ಇರೋದು ಮಾತ್ರ.)

ಪಂಗುಣಿ ಉತ್ಸವದಲ್ಲಿ ಇಲ್ಲಿ ಇದ್ದವರಿಗೆ ಅರುಪತ್ತಿಮೂವರ್ ದಿನ ಗೊತ್ತಿರುತ್ತೆ. ಎಂಟನೇ ದಿನ ಅರವತ್ತುಮೂರು ಜನ ನಾಯನ್ಮಾರರ ಕಂಚಿನ ಮೂರ್ತಿಗಳನ್ನ ಪಲ್ಲಕ್ಕಿಯಲ್ಲಿಟ್ಟು ಮಾಡ ಬೀದಿಗಳಲ್ಲಿ ತರ್ತಾರೆ. ಅವತ್ತು ಮನೆಯಿಂದ ಹೊರಗೆ ಕಾಲಿಡೋಕಾಗಲ್ಲ, ವರ್ಕ್ ಫ್ರಂ ಹೋಮ್ ಹಾಕ್ಬಿಡಿ. ಇವರು ನಮಗೂ ಪರಿಚಯದವರೇ, ನಾವು ಅರವತ್ತುಮೂವರು ಪುರಾತನರು ಅಂತೀವಿ. ಹರಿಹರ ತನ್ನ ರಗಳೆಗಳಲ್ಲಿ ಇವರಲ್ಲಿ ಅನೇಕರ ಕಥೆ ಬರೆದಿದಾನೆ. ನಂಜನಗೂಡಿನ ಗುಡಿಯಲ್ಲೂ ಇವರ ಸಾಲು ವಿಗ್ರಹಗಳಿವೆ.

ಅವರಲ್ಲಿ ಒಬ್ಬರ ಹೆಸರೇ ಕುಂಗಿಲಿಯ ಕಲಯರ್. ಅಂದ್ರೆ ಗುಗ್ಗುಳದ ಕಲಯ. ಊರು ತಿರುಕ್ಕಡವೂರು. ಗುಡಿಯಲ್ಲಿ ದಿನಾ ಧೂಪ ಹಾಕೋದೇ ಅವರ ಸೇವೆ. ಆಸ್ತಿಯೆಲ್ಲ ಅದಕ್ಕೇ ಕರಗಿ ಮನೆಯಲ್ಲಿ ಅನ್ನಕ್ಕೂ ಇಲ್ಲದ ಸ್ಥಿತಿ ಬಂತು. ಮಕ್ಕಳ ಹಸಿವು ನೋಡಲಾರದೆ ಹೆಂಡತಿ ತನ್ನ ತಾಳಿ ಬಿಚ್ಚಿ ಕೊಟ್ಟು, ಭತ್ತ ತನ್ನಿ ಅಂತ ಕಳಿಸಿದಳು. ದಾರಿಯಲ್ಲಿ ಒಬ್ಬ ವ್ಯಾಪಾರಿ ಮೂಟೆ ಹೊತ್ತು ಎದುರಾದ. ಮೂಟೆಯಲ್ಲಿ ಏನಿದೆ ಅಂದ್ರೆ ಕುಂಗಿಲಿಯಂ. ಕಲಯರ್ ತಾಳಿ ಕೊಟ್ಟು ಮೂಟೆ ತಗೊಂಡು ಗುಡಿಗೆ ಹೋಗ್ಬಿಟ್ರು. ಆ ರಾತ್ರಿ ಶಿವ ಅವರ ಮನೆ ತುಂಬ ಧಾನ್ಯ, ಹೊನ್ನು ತುಂಬಿದ ಅಂತ ಸೇಕ್ಕಿಳಾರ್ ತನ್ನ ಪೆರಿಯ ಪುರಾಣದಲ್ಲಿ, 12ನೇ ಶತಮಾನದಲ್ಲಿ, ಬರೀತಾನೆ.

ಭಕ್ತಿಯ ಕಥೆ ಅಂತ ಎಲ್ರೂ ಹೇಳ್ತಾರೆ. ನನಗೆ ಕಣ್ಣಿಗೆ ಬಿದ್ದಿದ್ದು ಆ ವ್ಯಾಪಾರಿ. ಕಾವೇರಿ ಬಯಲಿನ ರಸ್ತೆಯಲ್ಲಿ ಒಂದು ಮೂಟೆ ರಾಳಕ್ಕೆ ಬಂಗಾರದ ತಾಳಿ ಬೆಲೆ ಅಂತ ಕೇಳುಗರು ನಂಬೋ ಹಾಗಿತ್ತು, ಅಂದ್ರೆ ಅದು ಎಲ್ಲಿಂದಲೋ ದೂರದಿಂದ ಬರ್ತಿತ್ತು. ಹಾಗಾದ್ರೆ ತರ್ತಿದ್ದವರು ಯಾರು?

ಇಲ್ಲಿ ನಮ್ಮವರು ಬರ್ತಾರೆ. ಅಯ್ಯಾವೊಳೆ ಐನೂರ್ವರು. ಅಯ್ಯಾವೊಳೆ ಅಂದ್ರೆ ಬಾಗಲಕೋಟೆ ಜಿಲ್ಲೆಯ ಐಹೊಳೆ, ನಾವು ಸ್ಕೂಲ್ ಟ್ರಿಪ್‌ನಲ್ಲಿ ದುರ್ಗದ ಗುಡಿ ಮುಂದೆ ಫೋಟೋ ತೆಗೆಸಿಕೊಂಡ ಊರು. ಮಧ್ಯಯುಗದ ದಕ್ಷಿಣ ಭಾರತದ ಅತಿ ದೊಡ್ಡ ವರ್ತಕ ಸಂಘ ಆ ಊರಿನ ಹೆಸರು ಹೊತ್ತಿತ್ತು. ಶಿಕಾರಿಪುರ ತಾಲೂಕಿನ 11ನೇ ಶತಮಾನದ ಒಂದು ಶಾಸನ ಇವರು ಮಾರ್ತಿದ್ದ ಸರಕಿನ ಪಟ್ಟಿ ಕೊಡುತ್ತೆ. ಆನೆ, ಕುದುರೆ, ನೀಲಮಣಿ, ಮುತ್ತು, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಅವುಗಳ ಜೊತೆಗೆ ಗುಗ್ಗುಳ. ಗಮನಿಸಿ, ಇದರಲ್ಲಿ ಎಷ್ಟೋ ಸರಕು ಯಾವುದೋ ಜೀವದ ಮೈಯಿಂದ ಜಿನುಗಿದ್ದು. ಮುತ್ತು ಕೂಡ ಚಿಪ್ಪಿನ ಹುಳು ತನ್ನ ಕಿರಿಕಿರಿಗೆ ಸುತ್ತಿದ ಪದರ.

ಸುಮಾತ್ರಾ ದ್ವೀಪದ ಬಾರುಸ್ ಅನ್ನೋ ಊರಲ್ಲಿ ಶಕ 1010, ಅಂದ್ರೆ ಕ್ರಿ.ಶ. 1088ರ ಒಂದು ಶಾಸನ ಸಿಕ್ಕಿದೆ. ಭಾಷೆ ತಮಿಳು. ಹಾಕಿಸಿದವರು ತಿಶೈ ಆಯಿರತ್ತು ಐನ್ನೂಟ್ರುವರ್, ಸಾವಿರ ದಿಕ್ಕಿನ ಐನೂರ್ವರು. ಅದೇ ಸಂಘ. ಹಡಗಿನವರು ಇಷ್ಟು ಬಂಗಾರ ಸುಂಕ ಕಟ್ಟಿ ಆಮೇಲೆ ಒಳಗೆ ಕಾಲಿಡಬೇಕು ಅನ್ನೋ ನಿಯಮ ಅದರಲ್ಲಿದೆ. ಬಾರುಸ್ ಹೆಸರಾಗಿದ್ದೇ ಎರಡು ಮರದ ಸರಕಿಗೆ: ಕರ್ಪೂರ, ಸಾಂಬ್ರಾಣಿ. 1932ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಕೆ. ಎ. ನೀಲಕಂಠ ಶಾಸ್ತ್ರಿಗಳು ಈ ಶಾಸನದ ಬಗ್ಗೆ ವಿವರವಾಗಿ ಬರೆದರು.

ಇನ್ನೊಂದು ವಿಷಯ, ವಿಡಿಯೋದಲ್ಲಿ ಹಾರ್ನ್ ಸದ್ದಿಗೆ ಹೋಗಿದ್ದು ಇದೇ. ಚೋಳರ ಕಾಲದ ಒಂದು ಶಾಸನದ ಪ್ರಕಾರ ಈ ವರ್ತಕರ ಮಹಾಸಭೆ ಸೇರಿದ್ದು ಮಯಿಲಾರ್ಪ್ಪಿಲ್ ಅನ್ನೋ ಊರಲ್ಲಿ. ವಿದ್ವಾಂಸರು ಅದನ್ನ ಮೈಲಾಪುರ ಅಂತಲೇ ಓದ್ತಾರೆ. ಐಹೊಳೆ ಹೆಸರು ಹೊತ್ತ ಸಂಘ ಮೈಲಾಪುರದಲ್ಲಿ ಸಭೆ ಸೇರಿ, ತಮಿಳಲ್ಲಿ ಶಾಸನ ಹಾಕಿಸಿ, ಸುಮಾತ್ರಾದಲ್ಲಿ ಸುಂಕ ವಸೂಲಿ ಮಾಡ್ತಿತ್ತು. ಅವರೆಲ್ಲ ಕನ್ನಡಿಗರು ಅಂತ ನಾನು ಹೇಳಲ್ಲ, ಹಾಗೆ ಹೇಳಿ ಎದೆ ತಟ್ಕೊಳ್ಳೋರ ವಿಡಿಯೋ ಬೇಕಾದಷ್ಟಿವೆ. ಸಂಘದಲ್ಲಿ ಎಲ್ಲ ದೇಶದವರೂ ಇದ್ರು, 'ನಾನಾದೇಶಿ' ಅಂತಲೇ ಕರ್ಕೋತಿದ್ರು. ಆದ್ರೆ ಹೆಡ್ಡಾಫೀಸಿನ ಹೆಸರು ನಮ್ಮೂರಿನದು. ನೀವು ಆಫೀಸಲ್ಲಿ ತಮಿಳಲ್ಲಿ ಸ್ಟ್ಯಾಂಡಪ್ ಕೊಟ್ಟು, ರಾತ್ರಿ ಅಮ್ಮನ ಜೊತೆ ಕನ್ನಡ ಮಾತಾಡೋವಾಗ ಇದನ್ನ ನೆನಪಿಸ್ಕೊಳ್ಳಿ.

ಸಾಂಬ್ರಾಣಿ ಬಗ್ಗೆ ಎರಡು ಮಾತು. ಸುಮಾತ್ರಾದ ಸ್ಟೈರಾಕ್ಸ್ ಮರದ ರಾಳ ಅದು. ಅರಬರು ಲುಬಾನ್ ಜಾವಿ, ಜಾವಾದ ಲೋಬಾನ, ಅಂದ್ರು. ಯುರೋಪಿನವರ ಕಿವಿಯಲ್ಲಿ ಮೊದಲಿನ 'ಲೋ' ತಮ್ಮ ಭಾಷೆಯ ಬಿಡಿ ಅಕ್ಷರ ಅನಿಸಿ ಕತ್ತರಿಸಿ ಹೋಯ್ತು. ಶುದ್ಧ ಪಾರ್ಸಿಂಗ್ ಬಗ್. ಉಳಿದ 'ಬಾನ್ ಜಾವಿ' ಬೆಂಜೊಯಿನ್ ಆಯ್ತು, ಅದರಿಂದ ಬೆಂಜೋಯಿಕ್ ಆಮ್ಲ. 1833ರಲ್ಲಿ ಜರ್ಮನಿಯ ಮಿಟ್ಷರ್ಲಿಖ್ ಆ ಆಮ್ಲವನ್ನ ಸುಣ್ಣದ ಜೊತೆ ಕಾಯಿಸಿ ತೆಗೆದ ದ್ರವಕ್ಕೆ ಬೆಂಜಿನ್ ಅಂತ ಹೆಸರಿಟ್ಟ. ಫ್ಯಾರಡೆ ಅದನ್ನ 1825ರಲ್ಲೇ ಬೇರೆ ದಾರಿಯಲ್ಲಿ ಕಂಡಿದ್ದ, ಹೆಸರು ಬೇರೆ ಇಟ್ಟಿದ್ದ. ಪಿಯುಸಿಯಲ್ಲಿ ಆರು ಮೂಲೆಯ ಉಂಗುರ ಬರೆದು ಬರೆದು ಸಾಕಾಗಿತ್ತಲ್ಲ ಬೆಂಜೀನು, ಅದರ ಹೆಸರಿನ ಬುಡದಲ್ಲಿರೋದು ಶುಕ್ರವಾರ ಸಂಜೆ ಇಲ್ಲಿ ಪ್ರತಿ ಅಂಗಡಿಯಲ್ಲೂ ಹಾಕೋ ಸಾಂಬ್ರಾಣಿ. ಇಷ್ಟೆಲ್ಲ ಘನತೆ ಇದ್ರೂ ತಮಿಳಲ್ಲಿ ಸಾಂಬ್ರಾಣಿ ಅಂದ್ರೆ ಪೆದ್ದ ಅಂತ ಬೈಗುಳ. ಮೊದಲ ವರ್ಷ ಟೀಮಿನಲ್ಲಿ ಯಾರೋ ನನಗೆ ಹಾಗಂದಾಗ ಹೊಗಳಿಕೆ ಅಂದ್ಕೊಂಡಿದ್ದೆ.

ಕರ್ಪೂರದ ಕಥೆ ಇನ್ನೂ ಚಿಕ್ಕದು. ಈಗ ಆರತಿಗೆ ಹಚ್ಚೋ ಬಿಲ್ಲೆ ಬಾರುಸ್‌ನದ್ದಲ್ಲ, ಪೈನ್ ಮರದ ರಾಳದಿಂದ ಬರೋ ಟರ್ಪೆಂಟೈನ್ ಎಣ್ಣೆಯಿಂದ ಕಾರ್ಖಾನೆಯಲ್ಲಿ ಮಾಡಿದ್ದು. ಅಂತೂ ಅದೂ ಒಂದು ಮರದ ಗಾಯವೇ.

ಹಾಲುಮಡ್ಡಿಗೆ ವಾಪಸ್ ಬರೋಣ. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬಿದಿರು ಕಡ್ಡಿಗೆ ಇದ್ದಿಲು, ಜಿಗಟು ಪುಡಿ, ಸುಗಂಧ ಮೆತ್ತಿ ಹೊಸೆಯೋ ಈ ಉದ್ಯಮ ಮೈಸೂರು, ಬೆಂಗಳೂರಿನ ಸಾವಿರಾರು ಮನೆಗಳಲ್ಲಿ ಹೆಂಗಸರ ಕೈಯಲ್ಲಿ ಬೆಳೀತು. ಹಳೇ ಕಾಲದ ಒಳ್ಳೆ ಬತ್ತಿಗಳಲ್ಲಿ ಹಾಲುಮಡ್ಡಿ ಇರ್ತಿತ್ತು. ಅದು ಗಾಳಿಯ ತೇವ ಹೀರ್ಕೊಳ್ಳೋದ್ರಿಂದ ಬತ್ತಿ ಕೈಗೆ ಸ್ವಲ್ಪ ಜಿಗುಟು, ಮೆತ್ತಗೆ. ನಿಧಾನಕ್ಕೆ ಉರಿಯುತ್ತೆ. ಆಮೇಲಾಮೇಲೆ ಹಾಲುಮಡ್ಡಿ ದುಬಾರಿಯಾಯ್ತು, ಬತ್ತಿಯಲ್ಲಿ ಅದರ ಪಾಲು ಇಳೀತು, ಬಾಟಲಿಯ ಸುಗಂಧ ದ್ರವ್ಯ ಏರಿತು. ತಮಾಷೆ ಅಂದ್ರೆ ಇದೇ ಮರದ ಹಗುರ ಕಟ್ಟಿಗೆಯಿಂದ ಬೆಂಕಿಕಡ್ಡಿ ಮಾಡ್ತಾರೆ. ಬತ್ತಿ ಹಚ್ಚೋ ಕಡ್ಡಿಯೂ ಬತ್ತಿಯೊಳಗಿನ ಮಡ್ಡಿಯೂ ಒಂದೇ ಮರದ್ದಾಗಿರೋ ಸಾಧ್ಯತೆ ಇತ್ತು.

ಈಗ ಗುಗ್ಗುಳ. ಇದನ್ನ ಹೇಳೋಕೇ ಇಷ್ಟು ದೂರ ಕರ್ಕೊಂಡು ಬಂದೆ.

ಅಸಲಿ ಗುಗ್ಗುಳ ಕೊಡೋದು ಕೊಮಿಫೋರಾ ವೈಟೈ ಅನ್ನೋ ಮುಳ್ಳು ಗಿಡ. ಮರ ಅನ್ನೋ ಹಾಗೂ ಇಲ್ಲ, ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು. ಕಛ್, ರಾಜಸ್ಥಾನ, ಆಚೆ ಸಿಂಧ್‌ನ ಒಣ ನೆಲ. ಅಥರ್ವವೇದದಲ್ಲೇ ಗುಗ್ಗುಳದ ಪರಿಮಳ ರೋಗ ಓಡಿಸುತ್ತೆ ಅಂತ ಇದೆ, ಅದು ಸಿಂಧುವಿನ ಕಡೆಯದ್ದೋ ಸಮುದ್ರದ ಕಡೆಯದ್ದೋ ಅನ್ನೋ ಪ್ರಸ್ತಾಪವೂ ಇದೆ. ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್, ಸಿಂಧು ಮುಖದ ಬಂದರು ಮತ್ತು ಭರೂಚ್‌ನಿಂದ ಇದು ರಫ್ತಾಗ್ತಿತ್ತು ಅನ್ನುತ್ತೆ. ಅಂದ್ರೆ ರಾಣೆಬೆನ್ನೂರಿನ ವೀರಭದ್ರನ ಹೊಗೆ ಎಂದೂ ರಾಣೆಬೆನ್ನೂರಿನ ಮರದ್ದಾಗಿರಲಿಲ್ಲ.

ಗಿಡ ನಿಧಾನಕ್ಕೆ ಬೆಳೆಯುತ್ತೆ, ಕೆತ್ತೋ ಹದಕ್ಕೆ ಬರೋಕೆ ಎಂಟು ಹತ್ತು ವರ್ಷ ಬೇಕು. ಕೆತ್ತಿದ್ರೆ ಒಂದು ಹಂಗಾಮಿಗೆ ಕೆಲವು ನೂರು ಗ್ರಾಂ. ಮಿತಿ ಮೀರಿ ಕೆತ್ತಿದ್ರೆ, ಬೇಗ ಸುರೀಲಿ ಅಂತ ಗಾಯಕ್ಕೆ ರಾಸಾಯನಿಕ ಬಳಿದ್ರೆ, ಗಿಡ ಇದ್ದಬದ್ದದ್ದನ್ನೆಲ್ಲ ಒಸರಿ ಒಣಗಿ ಹೋಗುತ್ತೆ. ಔಷಧಿಯ ಬೇಡಿಕೆ ಇದನ್ನ ಇನ್ನೂ ಜೋರು ಮಾಡ್ತು. 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿ, ಮುಂದೆ ಐಸಿಎಂಆರ್‌ನ ಮಹಾನಿರ್ದೇಶಕಿ ಆದವರು, ಸುಶ್ರುತ ಸಂಹಿತೆಯ ಒಂದು ಸುಳಿವು ಹಿಡಿದು ಗುಗ್ಗುಳ ಕೊಬ್ಬಿನ ಮೇಲೆ ಏನು ಮಾಡುತ್ತೆ ಅಂತ ಪ್ರಬಂಧ ಬರೆದರು. ಎಂಬತ್ತರ ದಶಕದಲ್ಲಿ ಅದು ಕೊಲೆಸ್ಟರಾಲ್ ಮಾತ್ರೆಯಾಗಿ ಮಾರ್ಕೆಟ್ಟಿಗೆ ಬಂತು. 2003ರಲ್ಲಿ ಅಮೆರಿಕದ ಒಂದು ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳೀಲಿಲ್ಲ, ಸ್ವಲ್ಪ ಏರಿತು. ವಾದ ಮುಗಿದಿಲ್ಲ. ಗಿಡ ಮಾತ್ರ ಈಗ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಇನ್ನೇನು ನಾಶವಾಗೋ ಅಂಚಿನ ವರ್ಗದಲ್ಲಿದೆ, ಅಂದ್ರೆ ಕಾಡಿನಿಂದ ಪೂರ್ತಿ ಮಾಯ ಆಗೋಕೆ ಒಂದು ಮೆಟ್ಟಿಲು ಮುಂಚೆ.

ಇದನ್ನೆಲ್ಲ ಓದಿ ಮತ್ತೆ ಕಚೇರಿ ರಸ್ತೆಗೆ ಹೋದೆ. ಈ ಸಲ ಕನ್ನಡದ ಗುಗ್ಗಳ ಅನ್ನದೆ, ಕಪ್ಪಗೆ ಅಂಟಂಟಾಗಿ ಇರುತ್ತಲ್ಲ ಅಂದೆ. "ಅಡಡಾ, ಗುಗ್ಗುಲುವಾ? ಮುದಲ್ಲಯೇ ಸೊಲ್ಲಕ್ಕೂಡಾದಾ ತಂಬಿ" ಅಂತ ನಕ್ಕು, ಮೇಲಿನ ಡಬ್ಬಿಯಿಂದ ಸ್ವಲ್ಪ ತೆಗೆದ್ರು. ಬೆಲೆ ಕುಂಗಿಲಿಯಕ್ಕಿಂತ ಎಷ್ಟೋ ಪಟ್ಟು. ಎರಡು ಕಿಲೋ ಬೇಕಾದ್ರೆ ತರಿಸಿ ಕೊಡ್ತೀನಿ ಅಂದ್ರು. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಎರಡು ಕಿಲೋ ಅಂದ್ರೆ ಹತ್ತು ವರ್ಷ ಬೆಳೆದ ಎಷ್ಟು ಗಿಡದ ಒಂದು ವರ್ಷದ ದುಡಿಮೆ? ನೂರು ಗ್ರಾಂ ಮಾತ್ರ ಕೊಡಿ ಅಂದೆ.

ಮನೆಗೆ ಬಂದು ಅದರಲ್ಲಿ ಕಡಲೆಯಷ್ಟು ತೆಗೆದು ನೀರಿಗೆ ಹಾಕಿದೆ. ಬೆಳಿಗ್ಗೆ ಲೋಟದಲ್ಲಿ ಹಾಲಿತ್ತು.

ಅವ್ವನಿಗೆ ಫೋನಲ್ಲಿ ಎಲ್ಲ ಹೇಳಿದೆ. ಕಛ್ಛಿನ ಗಿಡ, ಹತ್ತು ವರ್ಷ, ಕೆಂಪುಪಟ್ಟಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಳು, "ಹಂಗಾರ ನಮ್ಮ ಊರಾಗ ಇಷ್ಟ ದಿನ ಹಾಕಿದ್ದು ಯಾವುದು?" ನನ್ನ ಹತ್ರ ಉತ್ತರ ಇರಲಿಲ್ಲ. ನನ್ನ ಮೈ ಜುಮ್ ಅನಿಸಿದ ಆ ವಾಸನೆ ಗುಗ್ಗುಳದ್ದೋ, ಮಲೆನಾಡಿನ ಸಾಲುಧೂಪದ್ದೋ, ಬರೀ ಅಂಗಡಿ ರಾಳದ್ದೋ?

ಮದುವೆ ದಿನ ಎರಡು ಕಿಲೋ ಕುಂಗಿಲಿಯಂ ಮತ್ತು ಆ ಪುಟ್ಟ ಪೊಟ್ಟಣ ಎರಡನ್ನೂ ಪುರವಂತರ ಮುಂದೆ ಇಟ್ಟು, ಅಜ್ಜಾರ ಹಿಂಗಿಂಗ ಅಂದೆ. ಅವರು ಪೊಟ್ಟಣ ಮೂಸಿ ನೋಡಿದ್ರು. "ಇದು ನಮ್ಮಪ್ಪನ ಕಾಲದ ವಾಸನಿ ನೋಡ್ರಿ" ಅಂದ್ರು. ಮೊದಲ ಹಿಡಿ ಅದರದ್ದು ಹಾಕಿದ್ರು, ಚಿಟಿಕೆಯಷ್ಟು, ಉಳಿದಿದ್ದನ್ನ ಮಡಚಿ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡ್ರು, ಇನ್ನೂ ನಾಕು ಮದಿವಿಗೆ ಆಗ್ತೈತಿ ಅಂತ. ಆಮೇಲೆ ದಾರಿಯುದ್ದಕ್ಕೂ ಗಡಿಗೆಗೆ ಬಿದ್ದಿದ್ದು ಮೈಲಾಪುರದ ಕುಂಗಿಲಿಯಂ. ಹೊಗೆ ಸಾಕಷ್ಟು ಬಂತು. ತಮ್ಮನ ಕಣ್ಣು ಕೆಂಪಾಗಿ ನೀರು ಸುರೀತಿತ್ತು, ಅತ್ತಿಗೆ ಆಗೋಳ ಕಡೆಯವರು ವರ ಅಳ್ತಿದಾನೆ ಅಂತ ನಗ್ತಿದ್ರು ಅಂತ ನನ್ನ ಹೆಂಡತಿ ಬರೆಸ್ತಾ ಇದಾಳೆ. ಆದ್ರೆ ತಮ್ಮನ ಹೆಂಡತಿ ನನಗೆ ಅತ್ತಿಗೆ ಅಲ್ಲ, ನಾದಿನಿ. ವಿಡಿಯೋದಲ್ಲೂ ಇದೇ ತಪ್ಪು ಮಾಡಿದ್ದೆ, ಬೈಸಿಕೊಂಡೆ.

ನಿಮ್ಮ ಮನೆಯ ಗುಗ್ಗಳದಲ್ಲಿ, ಧೂಪದಲ್ಲಿ ಹಾಕೋದು ಯಾವುದು? ಒಂದು ಚೂರು ರಾತ್ರಿ ಲೋಟದ ನೀರಲ್ಲಿ ಹಾಕಿಡಿ. ಬೆಳಿಗ್ಗೆ ಹಾಲಾಯ್ತಾ, ಹಾಗೇ ಕೂತಿತ್ತಾ ಅಂತ ನಿಮ್ಮ ಊರಿನ ಹೆಸರಿನ ಜೊತೆ ಬರೆದು ತಿಳಿಸಿ. ಮುಂದಿನ ಸಲ ಅರಗು: ಮರ ಅಲ್ಲ, ಮರದ ಮೇಲೆ ಕೂತ ಹುಳು ಒಸರೋದು.